ಬರಿಗಾಲಿನ ಸಾಹುಕಾರರು

ಮಾರ್ಚ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ನಂಜನಗೂಡು ರಸ್ತೆಯಲ್ಲಿ ಕಡಕೊಳದ ಹತ್ತಿರ, ಹಿಂದೆ ಊದುಬತ್ತಿ ಒಣಗಿಸುತ್ತಿದ್ದ ಒಂದು ಉದ್ದನೆಯ ಶೆಡ್ಡು. ಹಾಜರಿದ್ದವರು: ಶೆಡ್ಡಿನ ಯಜಮಾನರು, ಅವರ ಹೆಂಡತಿ ಸುಶೀಲಮ್ಮ, ಮೆಕ್ಯಾನಿಕ್ ಮಾದಪ್ಪ, ಕೊಯಮತ್ತೂರಿನಿಂದ ಬಂದಿದ್ದ ನೂಲಿನ ಗಿರಣಿಯ ಒಡತಿಯೊಬ್ಬರು, ಮತ್ತು ನಾನು. ಅಂದಿನ ಕೆಲಸ: ಉಳಿದಿದ್ದ ಒಂದೇ ಕಾರನ್ನು ಗೇಟಿನಿಂದಾಚೆ ಕಳಿಸುವುದು.

ನರ್ಸ್ ಆಗಿ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ವಾರ್ಡಿನಲ್ಲಿ ಹೀಗೇ ಬರೆದವಳು ನಾನು. ಬೇರೆ ರೀತಿಯಲ್ಲಿ ಶುರು ಮಾಡಲು ನನಗೆ ಬರುವುದಿಲ್ಲ.

ಆ ಯಜಮಾನರು ಕಳೆದ ತಿಂಗಳು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ, ಹೃದಯ ನಿಂತಿತ್ತು. ಪತ್ರಿಕೆಯವರು ದೊಡ್ಡದಾಗಿಯೇ ಬರೆದರು. ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರುಗಳ ಅಂಥ ಸಂಗ್ರಹ ಈ ಕಡೆ ಇನ್ನೊಬ್ಬರ ಬಳಿ ಇರಲಿಲ್ಲವೆಂದು, ಅದೆಲ್ಲ ಅವರ ಕಣ್ಣೆದುರೇ ಹಂಚಿಹೋಯಿತೆಂದು, ಯಾವ ಕಾರು ಎಷ್ಟು ವೇಗದಲ್ಲಿ ಓಡುತ್ತಿತ್ತೆಂದು ಇತ್ತು. ಅವರ ಎಡಗಾಲಿನ ವಿಷಯ ಒಂದು ಸಾಲೂ ಇರಲಿಲ್ಲ. ಕಾರುಗಳ ವಿಷಯ ನನಗೆ ತಿಳಿಯದು. ಎಡಗಾಲಿನ ವಿಷಯ ತಿಳಿದಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ರೋಗಿಯ ಹೆಸರನ್ನು ವಾರ್ಡಿನ ಬಾಗಿಲಿನಿಂದಾಚೆ ಒಯ್ಯಬಾರದೆಂದು ನನಗೆ ಕಲಿಸಿದ ಕನ್ಯಾಸ್ತ್ರೀಯರು, ಆ ನಿಯಮ ಯಾವಾಗ ಮುಗಿಯುತ್ತದೆಂದು ಹೇಳಿಕೊಟ್ಟಿಲ್ಲ. ಕೆಲಸಗಾರರೆಲ್ಲ ಅವರನ್ನು ಸಾಹುಕಾರ್ರು ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಬನ್ನಿಮಂಟಪದಲ್ಲಿ ಅವರ ಮನೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಖ ಕಂಡರೆ ನಮಸ್ಕಾರ, ಅಷ್ಟೇ ಪರಿಚಯ. ಒಂದು ಸಂಜೆ ಸುಶೀಲಮ್ಮ ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಓಡಿ ಬಂದರು.

“ಸಿಸ್ಟರ್, ನಮ್ಮನೆಯವರ ಕಾಲು ಒಂದ್ಸಲ ನೋಡ್ತೀರಾ? ಆಸ್ಪತ್ರೆ ಅಂದ್ರೆ ಸಾಕು, ಗಾಡಿ ಹತ್ಕೊಂಡು ಕಡಕೊಳಕ್ಕೆ ಹೋಗ್ಬುಡ್ತಾರೆ.”

ಹೋದೆ. ಜಗುಲಿಯ ಮೇಲೆ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಟವಲು, ಎತ್ತರದ ಮನುಷ್ಯ. ಎಡಗಾಲು ಸ್ಟೂಲಿನ ಮೇಲಿತ್ತು, ಇನ್ನೊಂದು ಟವಲಿನಲ್ಲಿ ಸುತ್ತಿಕೊಂಡು.

“ಏನಿಲ್ಲ ಸಿಸ್ಟರ್. ಒಂಚೂರು ಬೊಬ್ಬೆ.”

ಬಿಚ್ಚಿದೆ. ಬಿಚ್ಚುವ ಮುಂಚೆಯೇ ವಾಸನೆ ಬಂದಿತ್ತು. ಅಂಗಾಲು ಹಿಮ್ಮಡಿಯ ಅಂಚಿನಿಂದ ಕಿರುಬೆರಳಿನವರೆಗೆ ಬೆಂದಿತ್ತು.

“ಕೆಂಡ ತುಳಿದ್ರಾ?”

“ಇಲ್ಲ ಕಣ್ರೀ. ಕರಿಯನ್ನ ಊಟಿವರ್ಗೂ ಓಡಿಸ್ದೆ.”

ಕರಿಯ ಯಾರೆಂದು ನಾನು ಸುಶೀಲಮ್ಮನ ಮುಖ ನೋಡಿದೆ. “ಕಾರು ಸಿಸ್ಟರ್, ಕಪ್ಪು ಕಾರು” ಎಂದು ಅವರು ತಲೆ ಚಚ್ಚಿಕೊಂಡರು.

ನಡೆದದ್ದು ಇಷ್ಟು. ಸಾಹುಕಾರರು ತಮ್ಮ ಕಾರುಗಳೊಳಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟವರಲ್ಲ. ಅವರಪ್ಪ ಎತ್ತಿನ ಹೆಗಲಿಗೆ ನೊಗ ಇಡುವ ಮುಂಚೆ ಚಪ್ಪಲಿ ಬಿಡುತ್ತಿದ್ದರಂತೆ. ಮಗ ಅದನ್ನೇ ಕಾರಿಗೆ ಹಿಡಿದರು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಬರಿಗಾಲಲ್ಲಿ ಓಡಿಸುವುದು. ಆ ಕಾರುಗಳ ಇಂಜಿನ್ನು ಘಾಟಿ ಹತ್ತುವಾಗ ಕಾಯುತ್ತದೆ, ಕಾಲ ಕೆಳಗಿನ ತಗಡೂ ಕಾಯುತ್ತದೆ. ಸಕ್ಕರೆ ಕಾಯಿಲೆ ಅವರ ಎಡಗಾಲಿನ ಸ್ಪರ್ಶವನ್ನು ಅಷ್ಟರಲ್ಲಿ ತಿಂದುಹಾಕಿತ್ತು. ಕಾಲು ಬೇಯುತ್ತಿದ್ದುದು ಅವರಿಗೆ ಗೊತ್ತಾಗಲೇ ಇಲ್ಲ. ಹಿಂದಿರುಗುವಾಗ ಗುಂಡ್ಲುಪೇಟೆಯಲ್ಲಿ ಕಾಫಿಗೆ ಇಳಿದಾಗ, ಹೋಟೆಲಿನ ನೆಲದ ಮೇಲೆ ಒಂದೇ ಕಾಲಿನ ಒದ್ದೆ ಹೆಜ್ಜೆಗಳು ಮೂಡುತ್ತಿರುವುದನ್ನು ಪಕ್ಕದ ಮೇಜಿನವರು ತೋರಿಸಿದರಂತೆ. ಆ ಕಾರು ಮಾಡಿದ ಇಟಲಿಯವರು ಹೀಗೆ ಸುಟ್ಟುಕೊಳ್ಳುವುದು ಸಾಧ್ಯವಿಲ್ಲ. ಅವರು ಬೂಟು ಹಾಕಿಕೊಂಡು ಓಡಿಸುತ್ತಾರೆ.

ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿದೆವು. ಕಿರುಬೆರಳೂ ಅದರ ಪಕ್ಕದ್ದೂ ಹೋದವು. ಪಾದ ಉಳಿಯಿತು. ಇನ್ನು ಕ್ಲಚ್ಚು ಒತ್ತುವ ಮಾತೇ ಬೇಡವೆಂದು ಡಾಕ್ಟರು ಹೇಳಿ, ದಿನವೂ ಡ್ರೆಸ್ಸಿಂಗ್ ಮಾಡುವುದನ್ನು ನನಗೆ ಒಪ್ಪಿಸಿದರು.

ನಾನು ಬೆಳಗಿನ ಮೊದಲ ಪೂಜೆ ಮುಗಿಸಿ ಚರ್ಚಿನಿಂದ ನೇರ ಬರುತ್ತೇನೆ, ಏಳಕ್ಕೆ ಸರಿಯಾಗಿ ಕಾಲು ಸ್ಟೂಲಿನ ಮೇಲಿರಬೇಕು ಎಂದು ಹೇಳಿದ್ದೆ. ಮೊದಲ ದಿನ ಹೋದರೆ ಸಾಹುಕಾರರು ಆಗಲೇ ಶೆಡ್ಡಿಗೆ ಹೊರಟುಹೋಗಿದ್ದರು. ಮರುದಿನವೂ ಅದೇ. ಮೂರನೆಯ ದಿನ ಇನ್ನೂ ಕತ್ತಲಿರುವಾಗಲೇ ಅವರ ಗೇಟಿಗೆ ಅಡ್ಡ ನಿಂತೆ.

“ಇವತ್ತು ನಿಮ್ಮಿಂದ ನನ್ನ ಪೂಜೆ ತಪ್ಪಿತು. ಅದಕ್ಕೆ ದೇವರ ಹತ್ರ ನೀವೇ ಉತ್ತರ ಹೇಳಿ” ಅಂದೆ.

ಅವರು ಕಾರಿನ ಕಿಟಕಿಯಿಂದ ನನ್ನನ್ನೊಮ್ಮೆ ನೋಡಿದರು. “ಮಾದಪ್ಪ, ಇಂಜಿನ್ ಆರ್ಸೋ. ಇವ್ರು ನಮ್ಮಪ್ಪನ ಥರ ಅವ್ರೆ” ಅಂದರು.

ಅಂದಿನಿಂದ ಒಂದು ಒಪ್ಪಂದವಾಯಿತು. ಮಾದಪ್ಪ ದಿನವೂ ಚರ್ಚಿನ ಬಾಗಿಲಿನಿಂದ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದ, ಡ್ರೆಸ್ಸಿಂಗ್ ಶೆಡ್ಡಿನಲ್ಲೇ ನಡೆಯುತ್ತಿತ್ತು. ಸೋತವರು ಅವರೋ ನಾನೋ ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಶೆಡ್ಡನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ವಾರ್ಡು. ಎರಡು ಸಾಲು, ನಡುವೆ ಓಡಾಡಲು ದಾರಿ, ಪ್ರತಿಯೊಂದಕ್ಕೂ ಬಿಳಿ ಬಟ್ಟೆಯ ಹೊದಿಕೆ. ಮೂವತ್ತಕ್ಕೆ ಒಂದೆರಡು ಕಡಿಮೆ ಇದ್ದವು. ಎಡಸಾಲಿನಲ್ಲಿ ಒಂದರ ಮೂತಿ ಗೆರೆಯಿಂದ ಮುಂದಿದೆ ಎಂದು ಹೇಳಿದೆ. ಮಾದಪ್ಪ ನಕ್ಕ. ಸಾಹುಕಾರರು ನಗಲಿಲ್ಲ, ಅದನ್ನು ಹಿಂದಕ್ಕೆ ತಳ್ಳಿಸಿದರು. ಆಮೇಲೆ ಅವರೂ ಶೆಡ್ಡನ್ನು ವಾರ್ಡು ಅನ್ನತೊಡಗಿದರು. ಹೊದಿಕೆ ತೆಗೆದರೆ ಒಳಗಿನ ಚರ್ಮದ ಸೀಟುಗಳಿಂದ ಗಂಧದ ವಾಸನೆ ಬರುತ್ತಿತ್ತು. ಊದುಬತ್ತಿ ಒಣಗಿಸಿದ ಶೆಡ್ಡು ಒಣಗಿರುತ್ತದೆ, ಕಾರಿಗೆ ಒಳ್ಳೆಯದೆಂದು ಅಲ್ಲಿ ತಂದಿಟ್ಟಿದ್ದರು. ಗೋಡೆಗೆ ಹಿಡಿದಿದ್ದ ಪರಿಮಳ ಸೀಟುಗಳಿಗೂ ಹಿಡಿಯಿತು. ಆಮೇಲೆ ಕಾರು ಕೊಳ್ಳಲು ಬಂದವರೊಬ್ಬರು ಇದನ್ನು ಹೇಗೆ ತೆಗೆಸುವುದೆಂದು ಕೇಳಿದರು. “ತೆಗೆಸ್ಬೇಕು ಅನ್ನೋರಿಗೆ ಗಾಡಿ ಯಾಕೆ?” ಎಂದು ಸಾಹುಕಾರರು ಹೊದಿಕೆ ಎಳೆದುಬಿಟ್ಟರು.

ಎತ್ತು ಕಟ್ಟಿದ ಮನೆಯಿಂದ ಬಂದವರು ಅವರು. ಬನ್ನಿಮಂಟಪದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಊದುಬತ್ತಿ ಹೊಸೆಯಲು ಶುರು ಮಾಡಿ ಮೇಲೆ ಬಂದರು. ಕಾರುಗಳಿಗೆ ಕಂಪನಿಯ ಹೆಸರನ್ನು ಹೇಳುತ್ತಿರಲಿಲ್ಲ. ಕರಿಯ, ಕೆಂದ, ಬಿಳಿಯ, ಗೌರಿ. ಒಂದೇ ಅಚ್ಚಿನ ಎರಡು ರಾಮ, ಲಕ್ಷ್ಮಣ. ಬೆಳಿಗ್ಗೆ ಸಾಲಿನುದ್ದಕ್ಕೂ ನಡೆಯುತ್ತ ಒಂದೊಂದರ ಬೆನ್ನ ಮೇಲೆ ಅಂಗೈಯಿಡುತ್ತಿದ್ದರು. ಒಂದರ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಅದು ನೀಲ. ಮಾಸಿದ ನೀಲಿ ಬಣ್ಣದ ಚಿಕ್ಕ ಕಾರು, ಸ್ಟಿಯರಿಂಗ್ ಎಡಗಡೆ. ಎಲ್ಲಕ್ಕಿಂತ ಮೊದಲು ಬಂದದ್ದು ಅದು.

ಸಾಹುಕಾರರು ಯುವಕರಾಗಿದ್ದಾಗ ಮದ್ರಾಸಿಗೆ ಊದುಬತ್ತಿ ಮಾರಲು ಹೋಗಿದ್ದರು. ಅಲ್ಲಿ ಒಬ್ಬ ವಿದೇಶಿ ಅಧಿಕಾರಿ ಊರು ಬಿಡುವಾಗ ಬಿಟ್ಟುಹೋದ ಕಾರು, ಬಿಡಿಭಾಗ ಸಿಗುವುದಿಲ್ಲವೆಂದು ಯಾರೂ ಕೊಳ್ಳದೆ, ಹುಣಸೆಮರದ ಕೆಳಗೆ ನಿಂತಿತ್ತು.

“ಒಂದು ದೀಪ ಒಡೆದಿತ್ತು ಸಿಸ್ಟರ್. ಒಕ್ಕಣ್ಣಿನ ಎತ್ತು ಸಂತೇಲಿ ನಿಂತಿದ್ದಂಗೆ ನಿಂತಿತ್ತು. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ.”

ಒಂದೇ ದೀಪದಲ್ಲಿ ಊರಿಗೆ ಓಡಿಸಿಕೊಂಡು ಬಂದರು. ಅಪ್ಪ ಹೊರಗೆ ಬಂದು ಸುತ್ತ ಒಂದು ಸಲ ತಿರುಗಿ ನೋಡಿ, “ಹಲ್ಲು ನೋಡ್ದೇನ್ಲಾ?” ಅಂದರಂತೆ. ಮಗ ಬಾನೆಟ್ ಎತ್ತಿ ತೋರಿಸಿದರು. ಅಪ್ಪ ಒಳಗೆ ಬಗ್ಗಿ, ಬಹಳ ಹೊತ್ತು ನೋಡಿ, “ವಯಸ್ಸಿದೆ, ದುಡಿಯುತ್ತೆ ಬುಡು” ಅಂದರಂತೆ. ಇದನ್ನು ಸಾಹುಕಾರರು ನನಗೆ ಹೇಳಿದ್ದು ಲೆಕ್ಕವಿಲ್ಲದಷ್ಟು ಸಲ. ಪ್ರತಿ ಸಲವೂ ಅಪ್ಪನ ಹಾಗೆ ಬಗ್ಗಿ ತೋರಿಸುತ್ತಿದ್ದರು.

ಆಪರೇಷನ್ ಆಗಿ ಮನೆಗೆ ಬಂದ ವಾರವೇ ಅವರು ತೀರ್ಮಾನಿಸಿದ್ದರು. ಡ್ರೆಸ್ಸಿಂಗ್ ಮಾಡುತ್ತಿದ್ದಾಗ ನನಗೂ ಸುಶೀಲಮ್ಮನಿಗೂ ಒಟ್ಟಿಗೆ ಹೇಳಿದರು.

“ಎಲ್ಲಾ ಕೊಟ್ಬುಡ್ತೀನಿ. ಹೂಡಕ್ಕಾಗದ ಎತ್ತನ್ನ ಕಟ್ಟಬಾರ್ದು. ಮೇವೂ ದಂಡ, ಎತ್ತಿಗೂ ಹಿಂಸೆ.”

“ನಿಧಾನಕ್ಕೆ ಯೋಚ್ನೆ ಮಾಡಿ” ಅಂದರು ಸುಶೀಲಮ್ಮ.

“ಮಾಡಾಯ್ತು. ಕೂಡಿಸ್ದವನೇ ಹಂಚ್ಬೇಕು. ನಾನು ಹೋದ್ಮೇಲೆ ನೀನು ಹಂಚಿದ್ರೆ ಅದು ಹಂಚೋದಲ್ಲ, ಕೈ ತೊಳ್ಕೊಳ್ಳೋದು.”

ಸುದ್ದಿ ಹಬ್ಬಿತು. ದೊಡ್ಡ ಮನುಷ್ಯರು ಬಂದು ಮ್ಯೂಸಿಯಂ ಮಾಡಿ, ಊರಿಗೆ ಹೆಸರು ಬರುತ್ತದೆ ಎಂದರು. “ಹುಲ್ಲು ತುಂಬಿದ ಹುಲಿ ನೋಡಿದ್ದೀರಲ್ಲ? ಗಾಜಿನ ಕಣ್ಣು. ನಮ್ಮವು ಅಂಗೆ ನಿಲ್ಲಾಕಿಲ್ಲ” ಎಂದು ಸಾಹುಕಾರರು ಕಾಫಿ ಕೊಟ್ಟು ಕಳಿಸಿದರು. ಒಬ್ಬ ವರದಿಗಾರ, ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ ಹಾಗಲ್ಲವೇ ಸಾರ್ ಎಂದು ಕೇಳಿದ. “ನನ್ನ ಮಗಳ ಮುಂದೆ ಅಂಗನ್ಬೇಡಿ, ಬಾರಿಸ್ತಾಳೆ” ಅಂದರು.

ಕೊಳ್ಳುವವರಿಗೆ ಒಂದೇ ಪ್ರಶ್ನೆ: ಎಲ್ಲಿಗೆ ಓಡಿಸ್ತೀರಿ? ಮುಂಬೈಯವರೊಬ್ಬರು ಗಾಜಿನ ಕೋಣೆ ಕಟ್ಟಿಸಿ, ತಂಪು ಹಾಕಿಸಿ ಇಡುತ್ತೇನೆಂದರು. “ಸುಶೀಲಾ, ಇವ್ರಿಗೆ ಕಾಫಿ ಕೊಡು. ಗಾಡಿ ಇಲ್ಲ.” ಒಪ್ಪಿಗೆಯಾದರೆ ಟವಲು ಹೆಗಲಿನಿಂದ ಇಳಿದು ಇಬ್ಬರ ಕೈ ಮುಚ್ಚುತ್ತಿತ್ತು. ದನದ ಜಾತ್ರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಹಾಗೆ. ದೆಹಲಿಯ ಒಬ್ಬ ವಕೀಲರು ಇದೇನೋ ಆಶೀರ್ವಾದವೆಂದು ತಿಳಿದು ತಲೆ ಬಗ್ಗಿಸಿ ನಿಂತುಬಿಟ್ಟರು. ಮಾದಪ್ಪ ಪಕ್ಕಕ್ಕೆ ಕರೆದುಕೊಂಡು ಹೋಗಿ ಯಾವ ಬೆರಳಿಗೆ ಏನರ್ಥವೆಂದು ಹೇಳಿಕೊಡಬೇಕಾಯಿತು. ಹಾಗಾಗಿ ಯಾವ ಕಾರು ಎಷ್ಟಕ್ಕೆ ಹೋಯಿತೆಂದು ನನಗೆ ಗೊತ್ತಿಲ್ಲ. ಅದು ಟವಲಿಗೆ ಗೊತ್ತು.

ಇನ್ನೊಂದು ಪದ್ಧತಿ. ಎತ್ತು ಮಾರಿದರೂ ಹಗ್ಗ ಮಾರಬಾರದು. ಹಗ್ಗ ಹೋದರೆ ಕೊಟ್ಟಿಗೆಯ ಅದೃಷ್ಟವೂ ಹೋಗುತ್ತದಂತೆ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಸಾಹುಕಾರರ ಕಾರುಗಳ ಕೀಲಿಗಳೆಲ್ಲ ಹೊಸೆದ ಸಣ್ಣ ಸೆಣಬಿನ ಹುರಿಯಲ್ಲಿದ್ದವು. ಕಾರು ಹೊರಡುವಾಗ ಹುರಿ ಬಿಚ್ಚಿಕೊಂಡು ಬರಿ ಕೀಲಿ ಕೊಡುತ್ತಿದ್ದರು. ಹುರಿ ಮತ್ತೆ ಗೋಡೆಯ ಮೊಳೆಗೆ ಹೋಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಗೇಟಿನದು. ಯಾವ ಕಾರೂ ತಳ್ಳಿಸಿಕೊಂಡು, ಎಳೆಸಿಕೊಂಡು ಗೇಟು ದಾಟಬಾರದು. ತನ್ನ ಇಂಜಿನ್ನಿನ ಮೇಲೆ ತಾನೇ ಹೋಗಬೇಕು. ಲಾರಿ ಹತ್ತುವುದೇನಿದ್ದರೂ ಗೇಟಿನಾಚೆ. ಕೆಟ್ಟು ಕೂತಿದ್ದ ಗೌರಿಗಾಗಿ ಮಾದಪ್ಪ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಭಾಗ ಕಡೆಸಿ ತಂದ. ಅದು ಕೆಮ್ಮುತ್ತ ಹೊರಟಾಗ ಸಾಹುಕಾರರು ಊರುಗೋಲೆತ್ತಿ ಕೂಗಿದರು. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ನನ್ನ ವಾರ್ಡಿನಿಂದಲೂ ಗುಣವಾದವರು ಬಾಗಿಲವರೆಗೆ ನಡೆದೇ ಹೋಗಬೇಕಿತ್ತು.

ಮಾದಪ್ಪ ಓಡಿಸುವುದು, ಸಾಹುಕಾರರು ಪಕ್ಕದಲ್ಲಿ ಕೂತು ಗೇಟಿನವರೆಗೆ ಹೋಗುವುದು, ಹೀಗೆ ಮಳೆಗಾಲ ಕಳೆಯಿತು, ದಸರಾ ಕಳೆಯಿತು, ಚಳಿ ಕಳೆಯಿತು. ಸಾಲುಗಳು ತೆರವಾದವು. ನೀಲ ಒಂದೇ ಉಳಿಯಿತು.

ನೀಲನನ್ನು ಕೇಳಿ ಬಂದವರು ಕೊಯಮತ್ತೂರಿನ ಆ ಗಿರಣಿಯಮ್ಮ. ಎಲ್ಲಿಗೆ ಓಡಿಸ್ತೀರಿ ಎಂದು ಕೇಳಿದಾಗ ಅವರು ಯೋಚಿಸದೆ, “ತರಕಾರಿ ಮಾರ್ಕೆಟ್ಟಿಗೆ ಅಯ್ಯಾ” ಎಂದರು. ಟವಲು ಆ ಕ್ಷಣವೇ ಇಳಿಯಿತು. ಅವರು ಹೋದ ಮೇಲೆ ಸಾಹುಕಾರರು ನನಗೆ ಹೇಳಿದರು:

“ನೀಲನ್ನ ಮಾತ್ರ ನಾನೇ ಓಡಿಸ್ಕೊಂಡು ಗೇಟು ದಾಟಿಸ್ಬೇಕು ಸಿಸ್ಟರ್.”

“ಆಗಲ್ಲ” ಅಂದೆ.

“ಕಾಲು ಈಗ ಪರವಾಗಿಲ್ಲ. ಎಲ್ಲ ಗೊತ್ತಾಗುತ್ತೆ. ದಿನಾ ನೀವೇ ನೋಡ್ತಿದ್ದೀರಲ್ಲ?”

ಅದೊಂದು ನಿಜವಾಗಿ ನನ್ನನ್ನು ಕಾಡಿತ್ತು. ಬ್ಯಾಂಡೇಜು ಬಿಚ್ಚಿದಾಗ ದಿನವೂ ಒಂದು ಸಣ್ಣ ನೈಲಾನ್ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿ, ಗೊತ್ತಾಗ್ತಿದೆಯಾ, ಎಲ್ಲಿ ಎಂದು ಕೇಳುತ್ತಿದ್ದೆ. ಅವರು ಮುಖ ಆಚೆ ತಿರುಗಿಸಿಕೊಂಡೇ ಒಂದೂ ತಪ್ಪದೆ ಹೇಳುತ್ತಿದ್ದರು. ಹೆಬ್ಬೆರಳು. ಹಿಮ್ಮಡಿ. ನಡುಪಾದ. ಅಂಥ ಕಾಲಿಗೆ ಅಷ್ಟು ಬೇಗ ಸ್ಪರ್ಶ ಮರಳುವುದನ್ನು ನಾನು ಕಂಡಿರಲಿಲ್ಲ. ಅಂದು ಎಳೆಯನ್ನು ಹಿಡಿದು, ಕಿರುಬೆರಳು ಇರಬೇಕಾಗಿದ್ದ ಜಾಗದಲ್ಲಿ, ಬರಿ ಗಾಳಿಯಲ್ಲಿ ಆಡಿಸಿದೆ.

“ಎಲ್ಲಿ?”

“ಕಿರುಬೆರಳು ಸಿಸ್ಟರ್.”

ಮಾದಪ್ಪ ಎದ್ದು ಹೊರಗೆ ಹೋದ. ಅವನ ನಗು ಗೋಡೆಯಾಚೆಯಿಂದ ಕೇಳಿಸಿತು. ಸಾಹುಕಾರರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಎದುರಿಗೆ ನೀಲ ನಿಂತಿತ್ತು. ಅದರ ಚಕ್ರದ ನಡುವಿನ ಮುಚ್ಚಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಕೈ, ನೈಲಾನ್ ಎಳೆ, ಅವರ ಪಾದ, ಎಲ್ಲ ಚಿಕ್ಕದಾಗಿ ಕಾಣುತ್ತಿದ್ದವು.

ಕುರ್ಚಿಯನ್ನು ಗೋಡೆಗೆ ತಿರುಗಿಸಿ ಮತ್ತೆ ಮುಟ್ಟಿದೆ. ಒಂದೂ ಸರಿಯಾಗಲಿಲ್ಲ. ಆದರೂ “ಗೊತ್ತಾಗ್ತಿದೆ, ಗೊತ್ತಾಗ್ತಿದೆ” ಎನ್ನುತ್ತಲೇ ಇದ್ದರು.

“ಕ್ಲಚ್ಚು ಒತ್ತೋಕೆ ಪಾದ ಸಾಕು ಕಣ್ರೀ, ಬೆರಳು ಯಾಕೆ?”

“ಒತ್ತಿದ್ದು ಗೊತ್ತಾಗ್ಬೇಕು, ಬಿಟ್ಟಿದ್ದು ಗೊತ್ತಾಗ್ಬೇಕು. ನಿಮಗೆ ಎರಡೂ ಗೊತ್ತಾಗಲ್ಲ.”

“ಗೇಟುವರ್ಗೂ ತಾನೆ? ಊಟಿಗಲ್ವಲ್ಲ?”

“ಗಾಯ ಬಾಯಿ ಬಿಟ್ರೆ ಗೇಟಿನ ಹತ್ರ ನಿಲ್ಲಲ್ಲ. ಮೊಣಕಾಲಿನವರೆಗೂ ಹೋಗುತ್ತೆ.”

“ಅಂಗಾದ್ರೆ ನೀಲ ಓಗಾಕಿಲ್ಲ. ಇಲ್ಲೇ ಬಿದ್ದಿರ್ಲಿ.”

“ಹೂಡದ ಎತ್ತು ಕಟ್ಟಬಾರದು ಅಂದವರು ಯಾರು?”

ಸಾಹುಕಾರರು ಟವಲನ್ನು ಮುಖದ ಮೇಲೆ ಎಳೆದುಕೊಂಡರು. ಆ ವಾರವೆಲ್ಲ ನನ್ನ ಜೊತೆ ಮಾತಿಲ್ಲ. ಕಾಲು ಮಾತ್ರ ಸಮಯಕ್ಕೆ ಸರಿಯಾಗಿ ಸ್ಟೂಲಿನ ಮೇಲಿರುತ್ತಿತ್ತು. ಗಿರಣಿಯಮ್ಮನಿಗೆ ಇನ್ನೂ ಸ್ವಲ್ಪ ತಡೆಯಿರಿ ಎಂದು ಮಾದಪ್ಪನಿಂದ ಹೇಳಿಸಿದರು.

ಸುಶೀಲಮ್ಮ ನನ್ನ ಪರವಾಗಿಯೇ ಇದ್ದರು. “ನಾನು ಬೇಡ ಅಂದ್ರೆ ಕದ್ದು ಓಡಿಸ್ತಾರೆ. ನೀವು ಬೇಡ ಅಂದ್ರೆ ಮುಖ ಊದಿಸ್ಕೊಂಡು ಕೂತ್ಕೋತಾರೆ. ಊದಿಸ್ಕೊಳ್ಳೋದೇ ವಾಸಿ ಕಣಮ್ಮ” ಅಂದರು. ಆದರೆ ಹೇಳಿ ಮುಗಿಸುವಾಗ ಅವರ ದನಿ ಕೆಳಗಿಳಿಯಿತು. ತಾನೇ ಮಾಡಿದ ಕಟ್ಟಳೆಯನ್ನು ತಾನೇ ಮುರಿದು, ಓಡದ ಕಾರಿನ ಮುಂದೆ ದಿನವೂ ಕೂರುವ ಗಂಡನನ್ನು ನೋಡಲು ಅವರಿಗೂ ಆಗುತ್ತಿರಲಿಲ್ಲ. ನನಗೂ ಆಗುತ್ತಿರಲಿಲ್ಲ. ನಿಯಮ ನನ್ನದು. ನಿಯಮ ಸಡಿಲಿಸದೆ ದಾರಿ ಹುಡುಕಬೇಕಾದವಳೂ ನಾನೇ.

ದಾರಿ ಸಿಕ್ಕಿದ್ದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ, ಚರ್ಚಿನಲ್ಲಿ, ಗುರುಗಳ ಪ್ರಸಂಗದ ನಡುವೆ. ಹಳೆಯದೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳ್ಳಿಯೊಂದರಿಂದ ಹೆರಿಗೆಯ ನೋವಿನಲ್ಲಿದ್ದ ಹೆಂಗಸನ್ನು ಕರೆತರುತ್ತಿದ್ದೆ. ನಡುದಾರಿಯಲ್ಲಿ ಆಂಬುಲೆನ್ಸಿನ ಕ್ಲಚ್ ವೈರು ಕಿತ್ತುಹೋಯಿತು. ಡ್ರೈವರು, “ಗಟ್ಟಿಯಾಗಿ ಹಿಡ್ಕೊಳಿ ಸಿಸ್ಟರ್” ಎಂದವನೇ ನಿಂತ ಗಾಡಿಯನ್ನು ಮೊದಲ ಗೇರಿಗೆ ಹಾಕಿ, ಹಾಗೇ ಕೀಲಿ ತಿರುಗಿಸಿದ. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ಹೊರಟಿತು. ಅದೇ ಗೇರಿನಲ್ಲಿ ಅರಚಿ ಅರಚಿ ಆಸ್ಪತ್ರೆ ಮುಟ್ಟಿದೆವು. ಎಡಗಾಲಿಗೆ ಅವನು ಒಂದು ಕೆಲಸವನ್ನೂ ಕೊಡಲಿಲ್ಲ.

ಮರುದಿನ ಕಾರಿನಲ್ಲಿ ಮಾದಪ್ಪನನ್ನು ಕೇಳಿದೆ.

“ಆಗುತ್ತೆ ಸಿಸ್ಟರ್. ಗೇಟುವರ್ಗೂ ಧಾರಾಳ. ಆದ್ರೆ ಸಾಹುಕಾರ್ರು ಬಿಡಲ್ಲ. ಗೇರಿಗೆ ಪೆಟ್ಟು ಅಂತಾರೆ.”

ಅವನು ಹೇಳಿದ ಹಾಗೇ ಆಯಿತು. ನಾನು ಹೇಳಿದ್ದನ್ನು ಕೇಳಿ ಸಾಹುಕಾರರು ಟವಲು ತೆಗೆದು ನೇರ ಕೂತರು.

“ನೀಲನ್ನ ಕುಪ್ಪಳಿಸಿ ಕಳಿಸ್ಲಾ? ಅದಕ್ಕೆ ಮರ್ಯಾದೆ ಬ್ಯಾಡ್ವಾ?”

“ಒಂದೇ ಕಣ್ಣಲ್ಲಿ ಮದ್ರಾಸಿಂದ ನಿಮ್ಮನ್ನ ಕರ್ಕೊಂಡು ಬಂತಲ್ಲ? ನಿಮಗೋಸ್ಕರ ಒಂದ್ಸಲ ಕುಪ್ಪಳಿಸಲ್ವಾ?”

ಅವರು ಊರುಗೋಲು ಹಿಡಿದು ಎದ್ದರು. ನೀಲನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತರು. ನಾನು ಡ್ರೆಸ್ಸಿಂಗ್ ಸಾಮಾನು ಜೋಡಿಸಿ ಮುಗಿಸಿದೆ. ಅವರು ತಿರುಗಿ ಬಂದು ಕೂತರು.

“ಒಪ್ತು” ಅಂದರು.

ಗಿರಣಿಯಮ್ಮನಿಗೂ ಫೋನು ಮಾಡಿಸಿ ಕೇಳಿದರು, ಗಾಡಿ ಈಗ ಅವರದು ತಾನೆ. “ಒಂದು ಸಲ ತಾನೆ ಅಯ್ಯಾ, ಪರವಾಗಿಲ್ಲ” ಎಂದರಂತೆ.

ನನ್ನ ಷರತ್ತುಗಳನ್ನು ಹೇಳಿದೆ. ಎಡಗಾಲು ದಿಂಬಿನ ಮೇಲೆ, ಯಾವುದನ್ನೂ ಮುಟ್ಟಬಾರದು. ನಾನು ಪಕ್ಕದಲ್ಲಿ ಕೂರುತ್ತೇನೆ. ಸಾಕು ಅಂದಾಗ ಇಂಜಿನ್ ಆರಿಸಬೇಕು. ಬಲಗಾಲಿಗೆ ಬೂಟು. ಕೊನೆಯದಕ್ಕೆ ಮತ್ತೆ ಜಗಳ ಶುರುವಾಯಿತು. ಅದನ್ನು ಬಿಡಿಸಿದವರು ಸುಶೀಲಮ್ಮ. ಹೊಸ ಕ್ಯಾನ್‌ವಾಸ್ ಬೂಟು ತರಿಸಿ, ಡಬ್ಬಿಯಲ್ಲೇ ಗಂಡನ ಮುಂದೆ ಇಟ್ಟರು.

“ಬೀದಿ ತುಳಿದದ್ದು ತಾನೆ ಒಳಗೆ ಬರಬಾರದು? ಇದು ನೆಲವನ್ನೇ ಮುಟ್ಟಿಲ್ಲ. ನೀವು ಒಳಗೆ ಕೂತ್ಮೇಲೆ ನಾನೇ ಹಾಕ್ತೀನಿ. ಇನ್ನೊಂದು ಮಾತಾಡಿದ್ರೆ ಎರಡು ಕಾಲಿಗೂ ಹಾಕ್ಬುಡ್ತೀನಿ.”

ಹೀಗೆ ಆ ಶನಿವಾರ ಬಂತು. ಡ್ರೆಸ್ಸಿಂಗನ್ನು ಅಂದು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಗಾಯ ಬಾಯಿ ಬಿಟ್ಟಿತೇ ಇಲ್ಲವೇ ಎಂದು ಆಮೇಲೆಯೇ ನೋಡಬೇಕಿತ್ತು.

ಮಾದಪ್ಪ ಮೊದಲೇ ಇಂಜಿನ್ ಕಾಯಿಸಿ ಆರಿಸಿದ್ದ. ಮೊದಲ ಗೇರಿಗೆ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬಾಗಿಲು ತೆರೆದು ನಿಂತ. ಸಾಹುಕಾರರು ಹೊರಗೆ ಚಪ್ಪಲಿ ಬಿಟ್ಟರು. ಮಾದಪ್ಪನೂ ನಾನೂ ಹಿಡಿದು ಇಳಿಸಿ ಕೂರಿಸಿದೆವು. ಸುಶೀಲಮ್ಮ ನೆಲದ ಮೇಲೆ ಮಂಡಿಯೂರಿ ಬೂಟು ಹಾಕಿ ದಾರ ಕಟ್ಟಿದರು. ನಾನು ಸುತ್ತಿ ಹೋಗಿ ಬಲಗಡೆಯ ಬಾಗಿಲಿನಿಂದ ಕೂತೆ. ಚಾಪೆಯ ಮೇಲೆ ಕೂತ ಹಾಗಿತ್ತು, ಅಷ್ಟು ತಗ್ಗು. ಗಂಧದ ವಾಸನೆ. ಅವರ ಎಡಗಾಲನ್ನು ದಿಂಬಿನ ಮೇಲೆ ಸರಿಪಡಿಸಿದೆ.

ಅವರು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟರು. ನಾಲಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿದರು. “ಹೊಯ್, ನೀಲಾ” ಎಂದು ಕೀಲಿ ತಿರುಗಿಸಿದರು.

ಕಾರು ಒಮ್ಮೆ ಕುಪ್ಪಳಿಸಿತು. ನನ್ನ ಚೀಲ ಕೆಳಗೆ ಬಿತ್ತು. ಎರಡನೆಯ ಕುಪ್ಪಳಕ್ಕೆ ಇಂಜಿನ್ ಹಿಡಿದುಕೊಂಡಿತು. ತೆರವಾದ ಶೆಡ್ಡಿನಲ್ಲಿ ಅದರ ಸದ್ದು ಎಲ್ಲ ಗೋಡೆಗಳಿಂದಲೂ ತಿರುಗಿ ಬಂತು. ನಿಂಬೆಹಣ್ಣು ಪಟಪಟ ಒಡೆದವು. ಹೊರಟೆವು.

ನಾನು ದಾರಿ ನೋಡಲಿಲ್ಲ. ದಿಂಬಿನ ಮೇಲಿನ ಕಾಲನ್ನು ನೋಡುತ್ತಿದ್ದೆ. ಶೆಡ್ಡಿನ ಬಾಗಿಲು ದಾಟಿ ಬಿಸಿಲಿಗೆ ಬಂದಾಗ ಇಂಜಿನ್ನಿನ ದನಿ ಏರಿತು, ಮುಂದಿನ ಗೇರು ಕೇಳುವ ಹಾಗೆ. ಒಮ್ಮೆಲೇ ಎಡಗಾಲಿನ ಮಂಡಿ ಮೇಲೆದ್ದಿತು. ಅಷ್ಟು ವರ್ಷದ ಅಭ್ಯಾಸ. ಕ್ಲಚ್ಚನ್ನು ಹುಡುಕಿಕೊಂಡು ಕಾಲು ತಾನಾಗಿ ಹೊರಟಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ, ಕಣ್ಣು ಗೇಟಿನ ಮೇಲಿತ್ತು. ನಾನು ಬಗ್ಗಿ ಮಂಡಿಯ ಮೇಲೆ ಎರಡೂ ಅಂಗೈ ಊರಿ ಒತ್ತಿ ಹಿಡಿದೆ.

ಅವರು ಕೆಳಗೆ ನೋಡಿದರು. ನನ್ನ ಕೈ ನೋಡಿದರು. ಮಂಡಿ ಮೆಲ್ಲಗೆ ಸಡಿಲವಾಯಿತು. ಗೇಟಿನವರೆಗೂ ನಾನು ಕೈ ತೆಗೆಯಲಿಲ್ಲ.

ಗೇಟು ದಾಟಿದಾಗ “ಸಾಕು” ಅಂದೆ. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ರಸ್ತೆಬದಿಯ ಬೇವಿನ ಮರದವರೆಗೆ ಹೋಗಿಯೇ ಕೀಲಿ ತಿರುಗಿಸಿ, ಬಲಗಾಲಿನಿಂದ ಬ್ರೇಕು ಒತ್ತಿದರು. ಸದ್ದು ನಿಂತಿತು.

“ಮರದವರೆಗೂ ಅಂತ ನಾನು ಹೇಳಿರಲಿಲ್ಲ” ಅಂದೆ.

“ನೀಲನಿಗೆ ಹೇಳಿ” ಅಂದರು.

ಗಿರಣಿಯಮ್ಮ ಹತ್ತಿರ ಬಂದು ನಿಂತರು. ಸಾಹುಕಾರರು ಕೀಲಿ ತೆಗೆದು, ಹುರಿಯ ಗಂಟು ಬಿಚ್ಚತೊಡಗಿದರು. ಹಳೆಯ ಗಂಟು, ಬೇಗ ಬಿಚ್ಚಲಿಲ್ಲ. ಸಹಾಯಕ್ಕೆ ಯಾರೂ ಕೈ ಚಾಚಲಿಲ್ಲ. ಕೊನೆಗೆ ಬಂತು. ಬರಿ ಕೀಲಿಯನ್ನು ಗಿರಣಿಯಮ್ಮನ ಅಂಗೈಯಲ್ಲಿಟ್ಟರು. ಗಿರಣಿಯಮ್ಮ ಸೀರೆಯ ಸೆರಗಿನ ಗಂಟಿನಿಂದ ಒಂದು ಬಿಳಿ ನೂಲಿನ ಹುರಿ ತೆಗೆದರು. ತಮ್ಮ ಗಿರಣಿಯದೇ ನೂಲು, ತಾವೇ ಹೊಸೆದದ್ದು. ಅಲ್ಲೇ ಕೀಲಿಗೆ ಕಟ್ಟಿ ತೋರಿಸಿದರು. ಸಾಹುಕಾರರು ಅದನ್ನು ಎಳೆದು, ಗಟ್ಟಿಯಿದೆಯೇ ನೋಡಿ, ತಲೆಯಾಡಿಸಿದರು.

ಮಾದಪ್ಪ ಕಾರನ್ನು ಲಾರಿಗೆ ಹತ್ತಿಸುವಾಗ ಅವರು ಆ ಕಡೆ ತಿರುಗಲಿಲ್ಲ. “ಕೊಟ್ಟ ಎತ್ತಿನ ಬೆನ್ನು ನೋಡ್ಬಾರ್ದು. ನಡೀರಿ ಸಿಸ್ಟರ್, ನಿಮ್ಮ ಕೆಲ್ಸ ಬಾಕಿ ಇದೆ” ಎಂದರು. ಸುಶೀಲಮ್ಮ ಚಪ್ಪಲಿ ತಂದು ಅವರ ಮುಂದಿಟ್ಟರು. ಲಾರಿ ಹೊರಟ ಸದ್ದು ನಮ್ಮ ಬೆನ್ನ ಹಿಂದೆ ಕೇಳಿಸಿತು.

ಶೆಡ್ಡಿನಲ್ಲಿ ಮೊಳೆಗಳ ಸಾಲಿನ ಕೊನೆಯ ಮೊಳೆಗೆ ಅವರು ಹುರಿ ನೇತುಹಾಕಿದರು. ಕುರ್ಚಿ ಎಂದಿನ ಜಾಗದಲ್ಲೇ ಇತ್ತು. ಎದುರಿಗೆ ಈಗ ಬರಿ ನೆಲ. ನಾನು ಕೈ ತೊಳೆದುಕೊಂಡು ಬಂದು ಬ್ಯಾಂಡೇಜು ಬಿಚ್ಚಿದೆ. ಗಾಯ ಒಣಗಿತ್ತು. ಅಂಚು ನಸುಗೆಂಪು. ರಕ್ತವಿಲ್ಲ, ಕೀವಿಲ್ಲ. ಹೇಳಿದೆ. ಸುಶೀಲಮ್ಮ ಗೋಡೆಗೆ ಒರಗಿ ಕೂತುಬಿಟ್ಟರು.

ನೈಲಾನ್ ಎಳೆ ತೆಗೆದೆ. ಕಣ್ಣು ಮುಚ್ಚಿ ಎಂದು ಹೇಳಬೇಕಾಗಲಿಲ್ಲ, ತಾವೇ ಮುಚ್ಚಿದರು. ಹೆಬ್ಬೆರಳನ್ನು ಮುಟ್ಟಿದೆ.

“ಗೊತ್ತಾಗ್ತಿದೆಯಾ?”

“ಇಲ್ಲ ಸಿಸ್ಟರ್.”

ನಡುಪಾದ ಮುಟ್ಟಿದೆ. “ಈಗ?”

“ಇಲ್ಲ.”

ಹಿಮ್ಮಡಿ.

“ಏನೂ ಗೊತ್ತಾಗ್ತಿಲ್ಲ.”

ಆ ಕಾಲಿನ ಬಗ್ಗೆ ಅವರು ನನಗೆ ಕೊಟ್ಟ ಮೊದಲ ನಿಜವಾದ ಉತ್ತರ ಅದು. ಇನ್ನು ಮುಂದೆ ಈ ಪಾದವನ್ನು ಅವರ ಬದಲು ಬೇರೆಯವರ ಕಣ್ಣು ದಿನವೂ ಕಾಯಬೇಕೆಂದು ಸುಶೀಲಮ್ಮನನ್ನು ಹತ್ತಿರ ಕರೆದು, ಅಂಗಾಲನ್ನು ಹೇಗೆ ನೋಡಬೇಕೆಂದು ತೋರಿಸಿಕೊಟ್ಟೆ. ಆಮೇಲೆ ಗಾಯ ತೊಳೆದು, ಗಾಜ್ ಇಟ್ಟು, ಹೊಸ ಬ್ಯಾಂಡೇಜು ಸುತ್ತಿ, ತುದಿಗೆ ಅಂಟುಪಟ್ಟಿ ಹಾಕಿದೆ. ಹತ್ತಕ್ಕೆ ಸ್ವಲ್ಪ ಮುಂಚೆ ಡ್ರೆಸ್ಸಿಂಗ್ ಮುಗಿಯಿತು.